ಕೋಲಾರದಲ್ಲಿ ಐಸ್‌ಕ್ರೀಮ್‌ಗೆ ನಾವು ಹೇಳಿದ್ದೆಲ್ಲ ಕಲಸಿ ಕೊಡೋ ಅಂಗಡಿಗೆ ಹೋದ್ರೆ ಏನೇನು ಹಾಕಿಸ್ಕೋಬೇಕು?

ಎರಡೇ ಐಟಂ ಹಾಕಿಸ್ಕೊಳ್ಳಿ ಸಾಕು. ಅವ್ರು 0 ಡಿಗ್ರಿಗಿಂತ ಕೆಳಗೆ ತಣ್ಣಗಿರೋ ಕಲ್ಲಿನ ಮೇಲೆ ಐಸ್‌ಕ್ರೀಮ್ ಹಾಕಿ ದೋಸೆ ಮಗುಚೋ ಥರದ ಎರಡು ಪಟ್ಟಿಯಲ್ಲಿ ಕುಟ್ಟಿ ಮಡಚ್ತಾರಲ್ಲ, ಐಟಂ ಜಾಸ್ತಿ ಆದಷ್ಟೂ ಜಾಸ್ತಿ ಹೊತ್ತು ಕಲಸ್ಬೇಕು, ಅಷ್ಟ್ರಲ್ಲಿ ಕರಗೋಕೆ ಶುರುವಾಗುತ್ತೆ, ಯಾವ ರುಚಿನೂ ಸರಿಯಾಗಿ ಸಿಗಲ್ಲ. ಹುರಿದ ಗೋಡಂಬಿ, ಬಾದಾಮಿ ಬೆಸ್ಟು, ಎಣ್ಣೆ ಅಂಶ ಇರೋದ್ರಿಂದ ಬೇಗ ಮೆತ್ತಗಾಗಲ್ಲ. ಬಿಸ್ಕತ್ತು ಹಾಕಿಸಿದ್ರೆ ಕೂಡ್ಲೇ ತಿನ್ಬೇಕು. ಮೇ-ಜೂನಲ್ಲಿ ಹೋದ್ರೆ ನಮ್ಮ ಶ್ರೀನಿವಾಸಪುರದ ಮಾವು ಇದ್ಯಾ ಅಂತ ಕೇಳಿ, ಇದ್ರೆ ಸಾದಾ ವೆನಿಲಾಗೆ ಅದೊಂದೇ ಸಾಕು, ಆಹಾ! ಸಣ್ಣ ಚೂರು ಮಾಡ್ಸಿ ಅಷ್ಟೇ, ಫ್ರೀಜರ್‌ನಲ್ಲಿಟ್ಟ ದಪ್ಪ ಹೋಳು ಹಲ್ಲಿಗೆ ಜುಮ್ ಅನ್ಸುತ್ತೆ. ಕಡಲೆಬೀಜದ ಅಲರ್ಜಿ ಇರೋ ಮಕ್ಳಿಗೆ ಮಾತ್ರ ಆ ಕಲ್ಲಲ್ಲಿ ಕಲಸಿದ್ದು ಬೇಡವೇ ಬೇಡ, ಎಲ್ಲಾನೂ ಅಲ್ಲೇ ಕಲಸ್ತಾರೆ.