ಚುಕ್ಕಿ ಕೊನೆಗೆ ಹಾಕಿ

ಪ್ರಶ್ನೆ: ಸರ್, ನಮ್ಮಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮುಂದಿನ ತಿಂಗಳು ರಿಟೈರ್ ಆಗ್ತಾರೆ. ಯೂನಿಫಾರ್ಮ್‌ನಲ್ಲಿರುವ ಅವರ ಫೋಟೊವನ್ನು ಕಾಮಿಕ್ಸ್ ಚಿತ್ರದ ಥರ ಮಾಡಿ ಎ3 ಸೈಜಿನಲ್ಲಿ ಪ್ರಿಂಟ್ ಹಾಕಿಸಬೇಕು. ಗಿಂಪ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಕಾರ್ಟೂನ್ ಫಿಲ್ಟರ್ ಕೊಟ್ಟು ಮೇಲೆ ಚುಕ್ಕಿ ಹಾಕಿದೆ. ಮುಖಕ್ಕೆ ಸಿಡುಬು ಎದ್ದ ಹಾಗೆ ಕಾಣ್ತಿದೆ! ಏನು ಮಾಡಲಿ?
– ಓದುಗರು, ಹಾಸನ

ಉತ್ತರ: ಚಿತ್ರ ನೋಡಿದೆ. ನಿಮ್ಮ ಮಾತು ನಿಜ, ನಕ್ಕೂಬಿಟ್ಟೆ. ಆದರೆ ಮೊದಲ ತಕರಾರು ಫೋಟೊದ್ದು. ಫ್ಲ್ಯಾಶ್ ನೇರ ಮುಖಕ್ಕೆ ಬಿದ್ದಿದೆ, ಮೂಗಿನ ಪಕ್ಕದಲ್ಲಿ, ಗದ್ದದ ಕೆಳಗೆ ಒಂಚೂರೂ ನೆರಳಿಲ್ಲ. ಕಾಮಿಕ್ಸ್ ಚಿತ್ರದಲ್ಲಿ ನೆರಳೇ ಗೆರೆ ಆಗಬೇಕು. ಅಪ್ಪ ಇನ್ನೂ ಡ್ಯೂಟಿಯಲ್ಲಿದ್ದಾರೆ, ಅಲ್ವಾ? ಬೆಳಿಗ್ಗೆ ಹೊರಡುವ ಮೊದಲು ಕಿಟಕಿ ಪಕ್ಕ ನಿಲ್ಲಿಸಿ ಇನ್ನೊಂದು ಫೋಟೊ ತೆಗೆಯಿರಿ. ಬೆಳಕು ಒಂದೇ ಕಡೆಯಿಂದ ಬರಲಿ. ಟಿಕೆಟ್ ಮೆಷಿನ್ ಕೈಯಲ್ಲಿರಲಿ. ವಾಟ್ಸಾಪ್‌ನಲ್ಲಿ ಬಂದ ಫೋಟೊ ಬೇಡ, ಮೊಬೈಲಿನ ಮೂಲ ಫೈಲೇ ಬೇಕು. ಎ3ಗೆ 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ 3508×4961 ಪಿಕ್ಸೆಲ್. ಶುರುವಿನಲ್ಲೇ ಆ ಅಳತೆಗೆ ತನ್ನಿ.

ಈಗ ಕಪ್ಪು. ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಡೂಪ್ಲಿಕೇಟ್ ಮಾಡಿ, ಸ್ವಲ್ಪ ಬ್ಲರ್ ಕೊಡಿ. ಇಲ್ಲದಿದ್ದರೆ ಚರ್ಮದ ಸಣ್ಣಪುಟ್ಟ ಕಲೆಯೆಲ್ಲ ಕಪ್ಪಾಗಿ ಎದ್ದು ಬರುತ್ತದೆ. ಆಮೇಲೆ ಕಲರ್ಸ್ ಮೆನುವಿನಲ್ಲಿ ಥ್ರೆಶೋಲ್ಡ್: ಕೊಟ್ಟ ಅಂಕಿಗಿಂತ ಗಾಢವಾದದ್ದೆಲ್ಲ ಕಪ್ಪು, ಉಳಿದದ್ದು ಬಿಳಿ ಆಗುತ್ತದೆ. ಎಲ್ಲರೂ ಎಡವುವುದು ಇಲ್ಲೇ: ಇಡೀ ಚಿತ್ರಕ್ಕೆ ಒಂದೇ ಅಂಕಿ ಕೊಡುತ್ತಾರೆ. ಮುಖ ಚೆನ್ನಾಗಿ ಬರುವ ಅಂಕಿಯಲ್ಲಿ ಖಾಕಿ ಶರ್ಟು ಪೂರ್ತಿ ಕಪ್ಪಾಗಿ ಜೇಬು, ಗುಂಡಿ ಎಲ್ಲ ಮುಳುಗಿಹೋಗುತ್ತದೆ. ಹಾಗಾಗಿ ಎರಡು ಸಲ ಮಾಡಿ. ಮುಖಕ್ಕೊಂದು, ಶರ್ಟಿಗೆ ಅದಕ್ಕಿಂತ ಕಡಿಮೆ ಅಂಕಿಯದು ಇನ್ನೊಂದು. ಬೇಡದ ಭಾಗ ಅಳಿಸಿ ಎರಡನ್ನೂ ಸೇರಿಸಿ. ಮೀಸೆ ಮುರುಕಲಾಗಿ ಬಂದಿದ್ದರೆ ಬ್ರಶ್ ಹಿಡಿದು ನೀವೇ ತಿದ್ದಿ. ಅಪ್ಪನ ಮೀಸೆ ಹೇಗಿದೆ ಅಂತ ಸಾಫ್ಟ್‌ವೇರ್‌ಗೇನು ಗೊತ್ತು?

ಈ ಲೇಯರ್‌ಗೆ ಮಲ್ಟಿಪ್ಲೈ ಮೋಡ್ ಕೊಟ್ಟರೆ ಬಿಳಿ ಮಾಯ, ಕಪ್ಪು ಮಾತ್ರ ಉಳಿಯುತ್ತದೆ. ಕೆಳಗೆ ಹೊಸ ಲೇಯರ್ ಹಾಕಿ ಬಣ್ಣ ತುಂಬಿ. ಮೂರ್ನಾಲ್ಕು ಬಣ್ಣ ಸಾಕು, ಛಾಯೆಗೀಯೆ ಏನೂ ಬೇಡ. ಶರ್ಟಿಗೆ ಗಾಢ ಹಳದಿ, ಹಿಂದಿನ ಬಸ್ಸಿಗೆ ಕೆಂಪು. ಮುಖ ಮಾತ್ರ ಬಿಳಿ ಬಿಡಿ.

ಯಾಕೆ ಅಂದರೆ, 1879ರಲ್ಲಿ ಬೆಂಜಮಿನ್ ಡೇ ಅನ್ನುವವರು ಅಮೆರಿಕದಲ್ಲಿ ತಂದ ಮುದ್ರಣ ವಿಧಾನದ ಉಪಾಯವೇ ಅದು. ಬಿಳಿ ಕಾಗದದ ಮೇಲೆ ಕೆಂಪು ಚುಕ್ಕಿ ಒತ್ತಿದರೆ ದೂರದಿಂದ ಗುಲಾಬಿ ಕಾಣುತ್ತದೆ, ಇನ್ನೊಂದು ಇಂಕಿನ ಖರ್ಚಿಲ್ಲ. 1960ರ ದಶಕದಲ್ಲಿ ಅಮೆರಿಕದ ಪಾಪ್ ಆರ್ಟ್ ಕಲಾವಿದ ರಾಯ್ ಲಿಕ್ಟನ್‌ಸ್ಟೈನ್ ಆ ಚುಕ್ಕಿಗಳನ್ನೇ ದೊಡ್ಡದು ಮಾಡಿ ಕ್ಯಾನ್ವಾಸಿಗೆ ತಂದರು. ನೀವು ಹಾಕಿದ್ದು ಮೊದಲೇ ಬಣ್ಣ ಇರುವ ಚರ್ಮದ ಮೇಲೆ ಕಪ್ಪು ಚುಕ್ಕಿ. ಸಿಡುಬಾಗದೆ ಇನ್ನೇನು!

ಹೊಸ ಲೇಯರ್‌ನಲ್ಲಿ ಮುಖದಷ್ಟು ಜಾಗಕ್ಕೆ ತಿಳಿ ಬೂದು ತುಂಬಿ, ಫಿಲ್ಟರ್ಸ್‌ನ ಡಿಸ್ಟಾರ್ಟ್ಸ್‌ನಲ್ಲಿರುವ ನ್ಯೂಸ್‌ಪ್ರಿಂಟ್ ಕೊಡಿ. ಬಿಳಿ ಮೇಲೆ ಕಪ್ಪು, ಗುಂಡನೆ ಚುಕ್ಕಿ, ಕೋನ 45. ಪೀರಿಯಡ್ (ಚುಕ್ಕಿಯಿಂದ ಚುಕ್ಕಿಗೆ ಇರುವ ಅಂತರ, ಪಿಕ್ಸೆಲ್‌ನಲ್ಲಿ) 24 ಇಟ್ಟರೆ ಪ್ರಿಂಟ್‌ನಲ್ಲಿ ಸುಮಾರು ಎರಡು ಮಿಲಿಮೀಟರ್‌ಗೊಂದು ಚುಕ್ಕಿ ಬರುತ್ತದೆ. ಕಲರ್ ಟು ಆಲ್ಫಾದಿಂದ ಬಿಳಿ ತೆಗೆದು, ಉಳಿದ ಚುಕ್ಕಿಗೆ ಕೆಂಪು ತುಂಬಿ. ಮುಖ, ಕೈ ಬಿಟ್ಟು ಬೇರೆಲ್ಲೂ ಚುಕ್ಕಿ ಬೇಡ. ಆಕಾಶಕ್ಕೂ ಹಾಕೋಣ ಅನ್ನಿಸುತ್ತದೆ, ತಡೆದುಕೊಳ್ಳಿ. ಚುಕ್ಕಿ ಹಾಕಿದ ಮೇಲೆ ಚಿತ್ರವನ್ನು ಹಿಗ್ಗಿಸುವುದು, ಕುಗ್ಗಿಸುವುದು ಮಾಡಿದರೆ ಅಡ್ಡಾದಿಡ್ಡಿ ಪಟ್ಟೆ ಬೀಳುತ್ತದೆ. ಪಿಎನ್‌ಜಿ ಮಾಡಿ, ಪ್ರಿಂಟ್ ಅಂಗಡಿಯಲ್ಲಿ ನೂರು ಪರ್ಸೆಂಟ್ ಸೈಜಿಗೇ ಹಾಕಿ ಅಂತ ಹೇಳಿ.

ಮಾತಿನ ಗುಳ್ಳೆಯಲ್ಲಿ ಏನು ಬರೆಯಲಿ ಅಂತ ಕೇಳಿಲ್ಲ, ಆದರೂ ಹೇಳ್ತೀನಿ: ‘ಚಿಲ್ಲರೆ ಕೊಡಿ!’ ಬಲೂ ತಮ್ಮ 2 ಅನ್ನುವ ದಪ್ಪ ಅಕ್ಷರದ ಕನ್ನಡ ಫಾಂಟ್ ಪುಕ್ಕಟೆ ಸಿಗುತ್ತದೆ, ಇದಕ್ಕೆ ಹೇಳಿ ಮಾಡಿಸಿದ್ದು. ಎರಡು ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ‘ಲ್ಲ’ದ ಒತ್ತು ಕೆಳಗಿನ ‘ಕೊ’ಗೆ ತಾಗುತ್ತದೆ.

ಪ್ರಶ್ನೆ: ಇಂಟರ್‌ನೆಟ್‌ನಲ್ಲಿ ಸಿಕ್ಕ ನಟರ ಫೋಟೊಗಳನ್ನು ಹೀಗೆ ಪಾಪ್ ಆರ್ಟ್ ಮಾಡಿ ಟಿ-ಶರ್ಟ್ ಮಾರಬಹುದಾ?
– ಓದುಗರು, ಬಳ್ಳಾರಿ

ಉತ್ತರ: ಫೋಟೊ ತೆಗೆದವರನ್ನು ಕೇಳದೆ ಬೇಡ. ನಮ್ಮಲ್ಲಿ ಫೋಟೊ ಪ್ರಕಟವಾಗಿ 60 ವರ್ಷದವರೆಗೆ ಹಕ್ಕು ಇರುತ್ತದೆ. ಬಣ್ಣ ಬದಲಾಯಿಸಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಪಾಪ್ ಆರ್ಟ್‌ನ ಹೆಸರಾಂತ ಕಲಾವಿದ ಆಂಡಿ ವಾರ್ಹಾಲ್ ಅಂಥವರ ಕೆಲಸಕ್ಕೇ ಇದು ತಟ್ಟಿದೆ: ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ತೆಗೆದ ಗಾಯಕ ಪ್ರಿನ್ಸ್ ಅವರ ಫೋಟೊದಿಂದ ವಾರ್ಹಾಲ್ ಮಾಡಿದ್ದ ಚಿತ್ರವೊಂದನ್ನು, ವಾರ್ಹಾಲ್ ತೀರಿಹೋದ ಮೇಲೆ ಅವರ ಹೆಸರಿನ ಪ್ರತಿಷ್ಠಾನ ಒಂದು ಪತ್ರಿಕೆಗೆ ಕೊಟ್ಟು ದುಡ್ಡು ಪಡೆದಿತ್ತು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗೋಲ್ಡ್‌ಸ್ಮಿತ್ ಪರವಾಗಿ ತೀರ್ಪು ಕೊಟ್ಟಿತು. ನಟರ ಹೆಸರು, ಮುಖ ಬಳಸುವುದಕ್ಕೆ ಅವರ ಒಪ್ಪಿಗೆ ಬೇರೆ ಬೇಕಾಗುತ್ತದೆ. ನಿಮ್ಮೂರ ಕೋಟೆಯ ಬಂಡೆಗಳನ್ನು ನೀವೇ ಫೋಟೊ ಹೊಡೆದು ಮಾಡಿ ನೋಡಿ. ಸಂಜೆಯ ಇಳಿಬಿಸಿಲಿಗೆ ಅಲ್ಲಿ ನೆರಳು ಭರ್ಜರಿಯಾಗಿ ಬೀಳುತ್ತದೆ.