ಮಿಸ್ಟರ್ ನಾಸರ್ ಅಂದರೆ ಯಾರು?

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: ‘ಕಳೆದ ಸಂಚಿಕೆಯ ಸೂಯೆಜ್ ಲೇಖನದಲ್ಲಿ ಈಜಿಪ್ಟಿನ ಅಧ್ಯಕ್ಷರಾಗಿದ್ದವರ ಹೆಸರನ್ನು ಉದ್ದಕ್ಕೂ ಅಬ್ದೆಲ್ ನಾಸರ್, ಅಬ್ದೆಲ್ ನಾಸರ್ ಎಂದು ಹಾಕಿದ್ದೀರಿ. ಇಂಗ್ಲಿಷ್ ಪುಸ್ತಕಗಳಲ್ಲಿ ಬರೀ ನಾಸರ್ ಎಂದಿರುತ್ತದೆ. ಹೆಸರು ಇರುವುದು ಗುರುತಿಗೆ ತಾನೇ? ಚಿಕ್ಕದಾದರೆ ಸಾಲದೇ?’

ಸ್ವಾಮಿ, ನಿಮ್ಮಷ್ಟು ಗಮನವಿಟ್ಟು ಓದುವವರು ಸಿಗುವುದೇ ಕಷ್ಟ. ತಲೆಬರಹದಲ್ಲಿ ಜಾಗ ಕಮ್ಮಿ, ಅದು ನಿಜ. ಅವರ ರಾಜಕೀಯ ವಿಚಾರಕ್ಕೆ ನಾಸರ್‌ವಾದ ಅನ್ನುವ ಮಾತು ಅರಬ್ಬಿಯಲ್ಲೂ ಇದೆ, ಅದೂ ನಿಜ. ಅಷ್ಟನ್ನು ಒಪ್ಪಿಕೊಂಡು ಜಗಳಕ್ಕೆ ಬರುತ್ತೇನೆ.

ಗಮಾಲ್ ಅಬ್ದೆಲ್ ನಾಸರ್ ಎಂಬುದರಲ್ಲಿ ಅವರ ಸ್ವಂತ ಹೆಸರು ಗಮಾಲ್ ಒಂದೇ. ಅಬ್ದೆಲ್ ನಾಸರ್ ಅವರಪ್ಪ, ಅಂಚೆ ಇಲಾಖೆಯ ನೌಕರ. ಅಬ್ದ್ ಅಂದರೆ ದಾಸ. ಅದಕ್ಕೆ ‘ಅಲ್’ ಸೇರಿ ಅಬ್ದುಲ್, ಈಜಿಪ್ಟಿನವರ ಬಾಯಲ್ಲಿ ಅಬ್ದೆಲ್. ಮುಂದೆ ಬರುವುದು ದೇವರ ಹೆಸರು: ರಹಮಾನನ ದಾಸ, ಕರೀಮನ ದಾಸ, ಹೀಗೆ. ಬರೀ ಅಬ್ದುಲ್ ಅಂದರೆ ಯಾರ ದಾಸ ಅಂತ ಹೇಳದೇ ನಿಲ್ಲಿಸಿದ ಹಾಗೆ. ಬರೀ ರಹಮಾನ್ ಅಂದರೆ ದಾಸ ಹೋಗಿ ದೇವರು ಮಾತ್ರ ಉಳಿಯುತ್ತಾನೆ. 1956ರಲ್ಲಿ ಬ್ರಿಟಿಷ್-ಫ್ರೆಂಚ್ ಕಂಪನಿಯ ಕೈಯಲ್ಲಿದ್ದ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದು ಮಗ. ಲಂಡನ್ನಿನ ಪತ್ರಿಕೆಗಳು ಹಿಡಿದು ಬೈದದ್ದು ಅಪ್ಪನ ಹೆಸರಿನ ಅರ್ಧವನ್ನು!

ಇರಾಕಿನ ಅಧ್ಯಕ್ಷರಾಗಿದ್ದ ಸದ್ದಾಂ ಹುಸೇನರದ್ದೂ ಇದೇ ಕತೆ. ಹುಸೇನ್ ಅವರಪ್ಪನ ಹೆಸರು. ‘ಸದ್ದಾಂ’ ಅಂದರೆ ಏಕವಚನ ಆಯಿತು ಅಂತ ನ್ಯೂಯಾರ್ಕ್ ಟೈಮ್ಸ್ ‘ಮಿಸ್ಟರ್ ಹುಸೇನ್’ ಎಂದು ಬರೆಯುತ್ತಿತ್ತು. ಮರ್ಯಾದೆ ಸಂದದ್ದು ಅಪ್ಪನಿಗೆ. ಸೌದಿ ಯುವರಾಜ ಮೊಹಮ್ಮದ್ ಬಿನ್ ಸಲ್ಮಾನರನ್ನು ಈಗಲೂ ‘ಬಿನ್ ಸಲ್ಮಾನ್’ ಎಂದು ಮನೆತನದ ಹೆಸರಿನಂತೆ ಹಾಕುವವರಿದ್ದಾರೆ. ಸಲ್ಮಾನ್ ಅಂದರೆ ಗದ್ದುಗೆಯ ಮೇಲೆ ಕೂತಿರುವ ಅಪ್ಪ.

ಇದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಪಹಣಿ ತೆಗೆದು ನೋಡಿ: ‘ತಿಮ್ಮಯ್ಯ ಬಿನ್ ರಂಗಯ್ಯ’. ಅದೇ ಅರಬ್ಬಿ ಬಿನ್, ಮಗ ಅಂತ. ಜಮೀನು, ತಹಸೀಲ್ದಾರ್ ಮಾತುಗಳ ಸಾಲಿನಲ್ಲೇ ಅದೂ ನಮ್ಮ ಕಂದಾಯದ ಕಾಗದಕ್ಕೆ ಬಂದು ಕೂತಿದೆ. ಆದರೆ ಯಾವ ಶಾನುಭೋಗರೂ ತಿಮ್ಮಯ್ಯನನ್ನು ‘ಏನಪ್ಪಾ ಬಿನ್ ರಂಗಯ್ಯ’ ಅಂತ ಮಾತಾಡಿಸಿದವರಲ್ಲ. ಪಹಣಿ ಓದುವಷ್ಟು ತಿಳಿವಳಿಕೆ ಸುದ್ದಿಮನೆಗೂ ಬೇಡವೇ?

ಇನ್ನು, ಹೆಸರು ಬರೀ ಗುರುತಿಗೆ ಅಂದಿರಲ್ಲ, ಆ ಮಾತನ್ನು ಅಮೆರಿಕದ ಬಾಕ್ಸರ್ ಎರ್ನಿ ಟೆರೆಲ್ ಎದುರು ಹೇಳಬೇಕಿತ್ತು. ಇನ್ನೊಬ್ಬ ಬಾಕ್ಸರ್ ಕ್ಯಾಸಿಯಸ್ ಕ್ಲೇ 1964ರಲ್ಲಿ ಮುಹಮ್ಮದ್ ಅಲಿ ಆದರು. ಪತ್ರಿಕೆಗಳು ವರ್ಷಗಟ್ಟಲೆ ಕ್ಲೇ ಎಂದೇ ಬರೆದವು. ಟೆರೆಲ್ ಕೂಡ ಹಾಗೇ ಕರೆದ. 1967ರ ಫೆಬ್ರವರಿ 6ರಂದು ಹ್ಯೂಸ್ಟನ್ನಿನಲ್ಲಿ ಇಬ್ಬರಿಗೂ ಪಂದ್ಯ. ಅಲಿ ಗುದ್ದುತ್ತಾ ಗುದ್ದುತ್ತಾ ಕೇಳಿದ್ದು ಒಂದೇ ಪ್ರಶ್ನೆ: ‘ನನ್ನ ಹೆಸರೇನು?’ ಹದಿನೈದು ಸುತ್ತೂ ಪೂರ್ತಿ ನಡೆಯಿತು. ಟೆರೆಲ್‌ನ ಕಣ್ಣು ಊದಿ ಹೋಗಿತ್ತು. ಅಷ್ಟು ಹೊಡೆಯಬೇಕಿತ್ತಾ ಅಂತ ಕೇಳಿದರೆ ಖಂಡಿತ ಬೇಕಿರಲಿಲ್ಲ. ಆದರೂ ಪಕ್ಷ ವಹಿಸು ಅಂದರೆ ನಾನು ಅಲಿ ಕಡೆ.

ಇಂಗ್ಲಿಷಿನವರ ಮೇಲೆ ನನಗೆ ಅಂಥಾ ಸಿಟ್ಟೇನೂ ಇಲ್ಲ. ಸಿಟ್ಟು ಬರುವುದು ಅವರ ಫಾರಂ ಮೇಲೆ. ಮೊದಲ ಹೆಸರು, ಕೊನೆಯ ಹೆಸರು, ಎರಡೇ ಖಾನೆ, ಎರಡರ ಪಕ್ಕದಲ್ಲೂ ಕೆಂಪು ಚುಕ್ಕಿ. ಲೋಕದ ಜನರೆಲ್ಲ ಅದರೊಳಗೇ ತೂರಿಕೊಳ್ಳಬೇಕು. ಇನಿಷಿಯಲ್ ಇಟ್ಟುಕೊಂಡು ಹಾಯಾಗಿದ್ದ ನಮ್ಮವರು ಪಾಸ್‌ಪೋರ್ಟಿಗಾಗಿ ಅದನ್ನು ಬಿಡಿಸಿ ಬರೆಯುತ್ತಾರೆ. ಆಮೇಲೆ ವಿಮಾನದಲ್ಲಿ ಅಪ್ಪನ ಹೆಸರಿಗೋ ಊರಿನ ಹೆಸರಿಗೋ ಓಗೊಡುತ್ತಾರೆ. ಈ ಲೆಕ್ಕದಲ್ಲಿ ಸರ್ ಎಂವಿ ಅವರು ಮಿಸ್ಟರ್ ಮೋಕ್ಷಗುಂಡಂ ಆಗುತ್ತಿದ್ದರೋ ಏನೋ! ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರಂತೂ ಕತೆ ಮುಗಿಯಿತು. ಅಮೆರಿಕದ ವೀಸಾದಲ್ಲಿ ಖಾಲಿ ಖಾನೆಗೆ ‘ಎಫ್‌ಎನ್‌ಯು’ (FNU) ಎಂದು ತುಂಬುತ್ತಾರೆ, ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ ಅಂತ. ಅದೇ ಮೂರಕ್ಷರ ಡ್ರೈವಿಂಗ್ ಲೈಸೆನ್ಸಿಗೂ ಬ್ಯಾಂಕಿಗೂ ಹೋಗುತ್ತದೆ. ಕಡೆಗೆ ಆಫೀಸಿನಲ್ಲಿ ಯಾರೋ ನಗುನಗುತ್ತಾ ಬಂದು ‘ಹಲೋ ಫ್ನೂ’ ಅಂತ ಕೈ ಕುಲುಕುತ್ತಾರೆ.