ವಿಜಯನಗರದ ಚಟ್ನಿಪುಡಿ ಅಂಗಡಿಗೆ 60 ಸಾವಿರದ ವೆಬ್‌ಸೈಟ್ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನ ವಿಜಯನಗರದಲ್ಲಿ ಮನೆ ಮುಂದಿನ ಸಣ್ಣ ಅಂಗಡಿಯಲ್ಲಿ ನೀವೂ ನಿಮ್ಮ ಅತ್ತೆಯವರೂ ಚಟ್ನಿಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆ ಮಾರುತ್ತೀರಿ. ಯಾರೋ ಏಜೆನ್ಸಿಯವರು ಬಂದು ವೆಬ್‌ಸೈಟ್, ಆಪ್, ‘ಗೂಗಲ್‌ನಲ್ಲಿ ಮೊದಲ ಸ್ಥಾನ’ ಎಲ್ಲ ಸೇರಿಸಿ 60 ಸಾವಿರ ಕೇಳಿದ್ದಾರೆ. ಕೊಡಬಹುದಾ?

ಬೇಡ. ಈಗಂತೂ ಬೇಡ.

ನಾನು ಮಲ್ಲೇಶ್ವರದ ಕಡೆ ಪಾತ್ರೆ ಅಂಗಡಿ ನಡೆಸುವವನು. ಕಂಪ್ಯೂಟರ್ ಓದಿದವನಲ್ಲ. ಆದರೆ ಅಂಗಡಿಯ ಆನ್‌ಲೈನ್ ವ್ಯವಹಾರವನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಆ ‘ಮೊದಲ ಸ್ಥಾನ’ದ ಮಾತು. ಹಾಗೆ ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ ಅಂತ ಗೂಗಲ್‌ನವರೇ ಬರೆದಿದ್ದಾರೆ. ಮ್ಯಾಪಿನಲ್ಲಿ ಯಾವ ಅಂಗಡಿ ಮೇಲೆ ಬರುತ್ತದೆ ಅನ್ನುವುದಕ್ಕೆ ಅವರು ಮೂರು ಕಾರಣ ಹೇಳುತ್ತಾರೆ. ಹುಡುಕಿದ್ದಕ್ಕೂ ನಿಮ್ಮ ಅಂಗಡಿಗೂ ಎಷ್ಟು ಹೊಂದುತ್ತದೆ, ಹುಡುಕಿದವರಿಂದ ಅಂಗಡಿ ಎಷ್ಟು ದೂರ, ಅಂಗಡಿ ಎಷ್ಟು ಹೆಸರುವಾಸಿ. ಪಕ್ಕದ ಅತ್ತಿಗುಪ್ಪೆಯಲ್ಲಿ ನಿಂತು ‘ಚಟ್ನಿಪುಡಿ’ ಅಂತ ಹುಡುಕಿದವರಿಗೆ ನೀವು ಕಾಣಬಹುದು. ವೈಟ್‌ಫೀಲ್ಡ್‌ನಲ್ಲಿ ಹುಡುಕಿದವರಿಗೆ ಯಾಕೆ ಕಾಣಬೇಕು? ಅವರು ಊರಿನ ಆಚೆ ತುದಿಯಿಂದ ಟ್ರಾಫಿಕ್ ದಾಟಿ ಹಪ್ಪಳಕ್ಕೆ ಬರುವುದಿಲ್ಲ ಬಿಡಿ.

ಈ ಮ್ಯಾಪ್ ಕೆಲಸ ನೀವೇ ಮಾಡಿಕೊಳ್ಳಬಹುದು. ಅದರ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. ಒಂದು ರೂಪಾಯಿ ಖರ್ಚಿಲ್ಲ. ನಿಮ್ಮದೇ ಜಿಮೇಲ್‌ನಿಂದ ಶುರು ಮಾಡಿ. ಅಂಗಡಿ ನಿಜವಾಗಿ ಇದೆಯಾ ಅಂತ ನೋಡಲು ಸಾಮಾನ್ಯವಾಗಿ ವಿಡಿಯೊ ಕೇಳುತ್ತಾರೆ. ರಸ್ತೆ, ಅಂಗಡಿಯ ಬೋರ್ಡು, ಒಳಗಿನ ಸಾಮಾನು ಎಲ್ಲ ಒಂದೇ ಓಟದಲ್ಲಿ ತೋರಿಸಿ. ಬೋರ್ಡಿನಲ್ಲಿ ಇರುವ ಹೆಸರನ್ನೇ ಹಾಕಿ. ‘ಬೆಸ್ಟ್ ಚಟ್ನಿಪುಡಿ ಇನ್ ಬೆಂಗಳೂರು’ ಅಂತೆಲ್ಲ ಹೆಸರಿಗೆ ಬಾಲ ಸೇರಿಸಿದರೆ ಅದು ಅವರ ನಿಯಮಕ್ಕೆ ವಿರುದ್ಧ, ಪ್ರೊಫೈಲ್ ತಡೆಹಿಡಿಯಬಹುದು.

ನಮ್ಮ ಊರಿನಲ್ಲಿ ಈ ಲೊಕೇಶನ್‌ಗೆ ಬೇರೆ ಕಡೆಗಿಂತ ಬೆಲೆ ಜಾಸ್ತಿ. ಬೆಂಗಳೂರಿನ ವಿಳಾಸ ಗೊತ್ತಲ್ಲ? ಪ್ರತಿ ಬಡಾವಣೆಗೂ ಅದರದೇ 8ನೇ ಕ್ರಾಸ್, ಅದರದೇ 2ನೇ ಮೇನ್. ಪಕ್ಕದ ದೇವಸ್ಥಾನದ ಹೆಸರು ಹೇಳದೆ ಹೊಸಬರಿಗೆ ಮನೆ ಸಿಗುವುದಿಲ್ಲ. ಹಾಗಾಗಿ ಲೊಕೇಶನ್ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತದಾ ಅಂತ ಒಮ್ಮೆ ನಡೆದು ನೋಡಿ. ಎದುರು ಕಾಣುವ ಗುರುತಿನ ಫೋಟೊ ಹಾಕಿ. ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶಕ್ಕೆ ಬಾಗಿಲು ಹಾಕುತ್ತೀರಾದರೆ ಮೊದಲೇ ಸಮಯ ಬದಲಿಸಿ. ದೂರದಿಂದ ಬಂದು ಮುಚ್ಚಿದ ಷಟರ್ ನೋಡಿದವರು ಒಂದು ಸ್ಟಾರ್ ಕೊಟ್ಟೇ ಹೋಗುತ್ತಾರೆ. ಕೆಟ್ಟ ವಿಮರ್ಶೆ ಬಂದರೆ ಜಗಳ ಬೇಡ, ಎರಡು ಸಾಲಿನಲ್ಲಿ ಉತ್ತರ ಕೊಟ್ಟು ಬಿಡಿ. ದುಡ್ಡಿಗೆ ಒಳ್ಳೆಯ ವಿಮರ್ಶೆ ಬರೆಸಿಕೊಡುವವರು ಬಂದರೆ ಹತ್ತಿರ ಸೇರಿಸಬೇಡಿ.

ಎರಡನೆಯದು ವಾಟ್ಸಾಪ್ ಬಿಸಿನೆಸ್, ಅಂದರೆ ವ್ಯಾಪಾರಕ್ಕೆಂದೇ ಇರುವ ಬೇರೆ ವಾಟ್ಸಾಪ್ ಆಪ್. ಇದೂ ಉಚಿತ. ಮಾಮೂಲಿ ವಾಟ್ಸಾಪ್ ಇರುವ ನಂಬರಿನಲ್ಲೇ ಎರಡನ್ನೂ ನಡೆಸಲು ಆಗುವುದಿಲ್ಲ. ಅಂಗಡಿಗೆ ಬೇರೆ ಸಿಮ್ ತಗೊಳ್ಳಿ, ಇಲ್ಲವೇ ಲ್ಯಾಂಡ್‌ಲೈನ್ ಇದ್ದರೆ ಅದರಲ್ಲೂ ಆಗುತ್ತದೆ, ಕೋಡನ್ನು ಫೋನ್ ಮಾಡಿ ಹೇಳುತ್ತಾರೆ. ಕ್ಯಾಟಲಾಗಿನಲ್ಲಿ 500 ಐಟಂವರೆಗೆ ಫೋಟೊ, ಬೆಲೆ ಸಮೇತ ಹಾಕಬಹುದು. ನಿಮ್ಮಲ್ಲಿ ಎಷ್ಟಿದ್ದೀತು, ಮೂವತ್ತು? ಸಾಕೋ ಸಾಕು. ‘ನಾಳೆ ಸಿಗುತ್ತಾ’, ‘ಕಾಲು ಕೆಜಿ ಎಷ್ಟು’ ಅನ್ನುವ ದಿನನಿತ್ಯದ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿಟ್ಟುಕೊಳ್ಳಬಹುದು. ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರವರೆಗೆ ಸೇರಿಸಬಹುದು, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ಹೋಗುತ್ತದೆ. ಪ್ಯಾಕೆಟ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ, ಸಂಡಿಗೆ ಒಣಗಿದಾಗ ತಿಳಿಸ್ತೀವಿ’ ಅನ್ನಿ. ಗ್ರಾಹಕರನ್ನೆಲ್ಲ ಗುಂಪಿಗೆ ಮಾತ್ರ ತುಂಬಬೇಡಿ. ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ, ಹೆಣ್ಣುಮಕ್ಕಳಿಗೆ ಅದರಿಂದ ಸುಮ್ನೆ ತೊಂದರೆ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯ. ಯಾವ ಆನ್‌ಲೈನ್ ಸೇವೆ ತಗೊಂಡರೂ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಬೇಕು. ಏಜೆನ್ಸಿಯವರ ಇಮೇಲ್‌ನಲ್ಲಿ ಅಲ್ಲ, ಫೋಟೊ ತೆಗೆಯಲು ಬಂದ ಹುಡುಗನ ಇಮೇಲ್‌ನಲ್ಲಿ ಅಂತೂ ಅಲ್ಲವೇ ಅಲ್ಲ. ನಮ್ಮ ರಸ್ತೆಯ ಬಟ್ಟೆ ಅಂಗಡಿಯವರ ಮ್ಯಾಪ್ ಪ್ರೊಫೈಲನ್ನು ಒಬ್ಬ ಹುಡುಗ ತನ್ನ ಜಿಮೇಲ್‌ನಿಂದ ಮಾಡಿಕೊಟ್ಟಿದ್ದ. ಅವನು ಕೆಲಸ ಬಿಟ್ಟು ಊರಿಗೆ ಹೋದ. ಇವರು ಅಂಗಡಿಯನ್ನು ಎರಡು ರಸ್ತೆ ಆಚೆಗೆ ಬದಲಾಯಿಸಿದರು. ಮ್ಯಾಪ್ ಮಾತ್ರ ಹಳೆಯ ಜಾಗವನ್ನೇ ತೋರಿಸುತ್ತಿತ್ತು. ಬಂದವರೆಲ್ಲ ಅಲ್ಲಿಗೆ ಹೊಸದಾಗಿ ಬಂದ ಮೊಬೈಲ್ ರಿಪೇರಿಯವನನ್ನು ಸೀರೆ ಕೇಳುತ್ತಿದ್ದರು! ಒಡೆತನ ಬಿಡಿಸಿಕೊಳ್ಳಲು ಗೂಗಲ್‌ಗೆ ಅರ್ಜಿ ಹಾಕಿ, ದಾಖಲೆ ಕೊಟ್ಟು ಸಾಕಾಯಿತು ಅವರಿಗೆ. ಬೇರೆಯವರ ಸಹಾಯ ಬೇಕಿದ್ದರೆ ಅವರನ್ನು ಮ್ಯಾನೇಜರ್ ಆಗಿ ಸೇರಿಸುವ ಸೌಲಭ್ಯ ಅದರಲ್ಲೇ ಇದೆ. ಪಾಸ್‌ವರ್ಡ್ ಕೊಡಬೇಕಾಗಿಯೇ ಇಲ್ಲ. ಕೆಲಸ ಮುಗಿದ ಮೇಲೆ ತೆಗೆದುಹಾಕಿ. ವಾಟ್ಸಾಪ್‌ನಲ್ಲೂ ‘ಲಿಂಕ್ಡ್ ಡಿವೈಸಸ್’ ಒಳಗೆ ಯಾರ ಕಂಪ್ಯೂಟರ್ ಕೂತಿದೆ ಅಂತ ಆಗಾಗ ನೋಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ.

ಇನ್ನೊಂದು. ಈ ಸೇವೆಗಳು ಶಾಶ್ವತ ಅಲ್ಲ. ಸಾಮಾನು ಮನೆಗೆ ತಲುಪಿಸುತ್ತಿದ್ದ ನಮ್ಮ ಬೆಂಗಳೂರಿನದೇ ಆಪ್ ಡನ್ಜೊ, ಒಂದು ಕಾಲಕ್ಕೆ ಊರೆಲ್ಲ ‘ಡನ್ಜೊ ಮಾಡಿ’ ಅನ್ನುತ್ತಿತ್ತು. 2025ರ ಜನವರಿಯಲ್ಲಿ ಅದರ ಆಪ್, ವೆಬ್‌ಸೈಟ್ ನಿಂತೇ ಹೋದವು. ಕನ್ನಡದವರು ಪ್ರೀತಿಯಿಂದ ಬಳಸಿದ, ಟ್ವಿಟರ್ ಥರದ ಆಪ್ ‘ಕೂ’ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಅವು ಹೋಗಲಿ, ಗೂಗಲ್‌ನವರೇ ಬಿಸಿನೆಸ್ ಪ್ರೊಫೈಲ್ ಜೊತೆ ಉಚಿತವಾಗಿ ಕೊಡುತ್ತಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿದರು. ಅದನ್ನೇ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರ ಗತಿ ನೋಡಿ. ಇವೆಲ್ಲ ಬಾಡಿಗೆ ಮನೆಗಳು. ಓನರ್ ಖಾಲಿ ಮಾಡಿ ಅಂದ ದಿನ ಸಾಮಾನು ಎತ್ತಿಕೊಂಡು ಹೊರಡುವ ಹಾಗಿರಬೇಕು. ಇಲ್ಲಿ ಸಾಮಾನು ಅಂದರೆ ಗ್ರಾಹಕರ ಹೆಸರು, ನಂಬರ್, ಯಾರಿಗೆ ಖಾರ ಕಮ್ಮಿ, ಯಾರಿಗೆ ಬೆಳ್ಳುಳ್ಳಿ ಬೇಡ ಅನ್ನುವ ಪಟ್ಟಿ. ಅದು ಒಂದು ನೋಟ್‌ಬುಕ್ಕಿನಲ್ಲೋ ಎಕ್ಸೆಲ್ ಹಾಳೆಯಲ್ಲೋ ನಿಮ್ಮ ಹತ್ತಿರ ಇರಲಿ.

ಡೆಲಿವರಿ ಆಪ್‌ಗಳಿಗೆ, ದೊಡ್ಡ ಮಾರಾಟ ತಾಣಗಳಿಗೆ ಸೇರಬೇಕಾ ಅಂದರೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಪ್ಯಾಕೆಟ್ ಬೆಲೆ 150 ಅಂದುಕೊಳ್ಳಿ. ಸಾಮಾನು, ಕೂಲಿ, ಗ್ಯಾಸ್ ಸೇರಿ 95. ಕಮಿಷನ್ 20% ಆದರೆ 30 ರೂಪಾಯಿ. ಆ ಕಮಿಷನ್ ಮೇಲೆ 18% ಜಿಎಸ್‌ಟಿ, ಅಂದರೆ ಇನ್ನೊಂದು 5 ರೂಪಾಯಿ 40 ಪೈಸೆ. ಗಟ್ಟಿ ಡಬ್ಬ, ಟೇಪು ಅಂತ 15. ಕೈಗೆ ಉಳಿಯುವುದು ಐದು ರೂಪಾಯಿಯೂ ಅಲ್ಲ. ಅಂಗಡಿಯಲ್ಲೇ ಮಾರಿದ್ದರೆ 55. ನಿಮ್ಮ ಅಂಕಿಗಳನ್ನು ಹಾಕಿ ನೋಡಿ, ಬೇರೆ ಬರಬಹುದು. ಹಲವು ಆಪ್‌ಗಳ ಮಾರುವವರನ್ನೂ ಕೊಳ್ಳುವವರನ್ನೂ ಜೋಡಿಸುವ ಓಎನ್‌ಡಿಸಿ ಅನ್ನುವ ಜಾಲವೂ ಇದೆ, 2022ರ ಸೆಪ್ಟೆಂಬರ್‌ನಲ್ಲಿ ಜನರ ಬಳಕೆಗೆ ಮೊದಲು ತೆರೆದದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲೂ ಯಾವ ಆಪ್ ಮೂಲಕ ಸೇರುತ್ತೀರಿ, ಅವರು ಎಷ್ಟು ಹಿಡಿಯುತ್ತಾರೆ ಅಂತ ಕೇಳಿಯೇ ಸೇರಿ.

ಜಿಎಸ್‌ಟಿ ನೋಂದಣಿ ಇಲ್ಲದೆ ಆನ್‌ಲೈನ್ ಮಾರಲು ಆಗಲ್ಲ ಅಂತ ಏಜೆನ್ಸಿಯವರು ಹೇಳಿದ್ದಾರೆ ಅಂದಿರಿ. ಅದು ಹಳೆಯ ಮಾತು. 2023ರ ಅಕ್ಟೋಬರ್ 1ರಿಂದ, ವರ್ಷದ ವಹಿವಾಟು 40 ಲಕ್ಷದ ಒಳಗಿರುವವರು ಆನ್‌ಲೈನ್ ತಾಣಗಳಲ್ಲಿ ತಮ್ಮ ರಾಜ್ಯದೊಳಗೆ ಸಾಮಾನು ಮಾರಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ಪಡೆದರೆ ಸಾಕು. ಮೈಸೂರಿಗೆ, ಹುಬ್ಬಳ್ಳಿಗೆ ಕಳಿಸಿ. ಚೆನ್ನೈಯಲ್ಲಿರುವ ಗ್ರಾಹಕರಿಗೆ ಹುಳಿಪುಡಿ ಮಾರಿದರೆ ಮಾತ್ರ ಕಥೆ ಬೇರೆ. ರಾಜ್ಯದ ಗಡಿ ದಾಟಿದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು.

ಇದರ ಜೊತೆಗೇ ಯುಪಿಐ ವಿಷಯ. 2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ನೋಟಿಸ್ ಕಳಿಸಿತು. ಊರ ತುಂಬ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಅಂತ ಚೀಟಿ ಅಂಟಿಸಿದರು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡಬೇಕಾಯಿತು. ಆ ಚೀಟಿ ಅಂಟಿಸುವುದರಿಂದ ಏನೂ ಆಗುವುದಿಲ್ಲ, ಯಾಕೆಂದರೆ ಕ್ಯಾಶ್ ಕೂಡ ವಹಿವಾಟೇ. ಮಾಡಬೇಕಾದ ಕೆಲಸ ಬೇರೆ. ಅಂಗಡಿಯ ಕ್ಯೂಆರ್‌ಗೆ ಬೇರೆಯೇ ಬ್ಯಾಂಕ್ ಖಾತೆ ಇಡಿ. ಚೀಟಿ ಫಂಡಿನ ದುಡ್ಡು, ನಿಮ್ಮ ತಮ್ಮ ವಾಪಸ್ ಕೊಟ್ಟ ಕೈಸಾಲ, ಮನೆ ಬಾಡಿಗೆ ಇದರಲ್ಲಿ ಬರಬಾರದು. ಆಗ ನೋಟಿಸ್ ಬಂದ ಹಲವರ ಗೋಳೇ ಅದು: ಖಾತೆಗೆ ಬಂದದ್ದೆಲ್ಲ ವ್ಯಾಪಾರದ ದುಡ್ಡಲ್ಲ ಅಂತ ಹೇಗೆ ತೋರಿಸುವುದು? ಇನ್ನು, ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ ನಿಜ. ಆದರೂ ಪುಡಿಗಳ ಜೊತೆ ಮಾರುವಾಗ 40 ಲಕ್ಷದ ಲೆಕ್ಕಕ್ಕೆ ಹಪ್ಪಳದ ದುಡ್ಡೂ ಸೇರುತ್ತದೆ. ಒಬ್ಬ ಒಳ್ಳೆಯ ಲೆಕ್ಕಿಗರಿಗೆ ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ತೋರಿಸಿ, ಆ 60 ಸಾವಿರದಲ್ಲಿ ಸಣ್ಣ ಪಾಲು ಸಾಕು.

ತಿಂಡಿ-ತಿನಿಸು ಮಾರುವವರಿಗೆ ಬೇಕಾದ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಇದೆ ಅಂದುಕೊಳ್ಳುತ್ತೇನೆ. ಆ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಇರಬೇಕು, ಡೆಲಿವರಿ ಆಪ್‌ಗಳೂ ಮೊದಲು ಕೇಳುವುದು ಅದನ್ನೇ. ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಮಾಡಿಸುತ್ತೀರಾದರೆ ಸರ್ಕಾರದ ತಾಣದಲ್ಲಿ ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯಾ ನೋಡಿ.

ಹಾಗಾದರೆ ವೆಬ್‌ಸೈಟ್ ಯಾವತ್ತೂ ಬೇಡವಾ? ವೆಬ್‌ಸೈಟ್ ವಿಳಾಸಕ್ಕೆ ಬೇಕಾದ ಹೆಸರನ್ನು ಮಾತ್ರ ಈಗಲೇ ಕೊಂಡಿಟ್ಟುಕೊಳ್ಳಿ. ಡಾಟ್ ಇನ್ ಹೆಸರು ವರ್ಷಕ್ಕೆ ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಮೊದಲ ವರ್ಷದ ಆಫರ್ ನೋಡಿ ಮರುಳಾಗದೆ, ಎರಡನೇ ವರ್ಷ ಎಷ್ಟು ಅಂತ ಕೇಳಿ. ವಾಟ್ಸಾಪ್‌ನಲ್ಲಿ ಬರುವ ಆರ್ಡರ್ ಬರೆದುಕೊಳ್ಳಲು ನಿಮಗೂ ಅತ್ತೆಯವರಿಗೂ ಪುರಸೊತ್ತೇ ಇಲ್ಲ ಅನ್ನುವಷ್ಟಾದಾಗ ವೆಬ್‌ಸೈಟ್ ಮಾಡಿಸಿ. ಆಪ್ ವಿಚಾರ ಮರೆತುಬಿಡಿ. ಹಪ್ಪಳಕ್ಕೋಸ್ಕರ ಯಾರೂ ಫೋನಿಗೆ ಹೊಸ ಆಪ್ ಹಾಕಿಕೊಳ್ಳುವುದಿಲ್ಲ.

ಕೊನೆಗೆ ಮೋಸದ ಮಾತು. ನಂಬರ್ ಆನ್‌ಲೈನ್‌ಗೆ ಬಂದ ಕೂಡಲೇ ಮೋಸದ ಕರೆಗಳೂ ಬರುತ್ತವೆ. ‘ಜಾಲಹಳ್ಳಿ ಕ್ಯಾಂಪಿನಿಂದ ಮಾತಾಡ್ತಿದೀನಿ, ಜವಾನರಿಗೆ 20 ಕೆಜಿ ಚಟ್ನಿಪುಡಿ ಬೇಕು’ ಅಂತ ಹಿಂದಿಯಲ್ಲಿ ಶುರು ಮಾಡುತ್ತಾರೆ. ಗುರುತಿನ ಚೀಟಿಯ ಫೋಟೊ ಕಳಿಸುತ್ತಾರೆ. ಆಮೇಲೆ ಅಡ್ವಾನ್ಸ್ ಹಾಕಲು ಒಂದು ಕ್ಯೂಆರ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ ಅನ್ನುತ್ತಾರೆ. ದುಡ್ಡು ಬರಲು ಪಿನ್ ಬೇಕಾಗಿಲ್ಲ, ಹೋಗಲು ಮಾತ್ರ ಬೇಕು. ಇದನ್ನು ಅತ್ತೆಯವರಿಗೂ ಹೇಳಿಡಿ, ಯಾಕೆಂದರೆ ನೀವು ಮಗುವನ್ನು ಸ್ಕೂಲಿಗೆ ಬಿಡಲು ಹೋದಾಗ ಗಲ್ಲಾಪೆಟ್ಟಿಗೆಯ ಹತ್ತಿರ ಇರುವವರು ಅವರೇ. ‘ಪೇ ಆಯ್ತು’ ಅಂತ ಸ್ಕ್ರೀನ್‌ಶಾಟ್ ತೋರಿಸಿದರೆ ನಂಬಬೇಡಿ, ಸೌಂಡ್‌ಬಾಕ್ಸ್ ಹೇಳಲಿ ಅಥವಾ ನಿಮ್ಮ ಫೋನಿಗೆ ಬರಲಿ. ಬೆಳಗ್ಗೆ ಅಂಗಡಿ ತೆಗೆದಾಗ ನಿಮ್ಮ ಕ್ಯೂಆರ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ ಒಮ್ಮೆ ಸ್ಕ್ಯಾನ್ ಮಾಡಿ ಹೆಸರು ನೋಡಿ. ದುಡ್ಡು ಹೋಗಿಯೇ ಬಿಟ್ಟರೆ ತಕ್ಷಣ 1930ಕ್ಕೆ ಫೋನ್ ಮಾಡಿ. ನಾಳೆ ಸ್ಟೇಷನ್‌ಗೆ ಹೋದರಾಯಿತು ಅಂತ ಕಾಯಬೇಡಿ. ಬೇಗ ತಿಳಿಸಿದಷ್ಟೂ ಆ ದುಡ್ಡನ್ನು ಬ್ಯಾಂಕಿನಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.